ಅಂಬ್ರೋಲಿಯ ಮನೆ: ಮುಂಬಯಿಯ ಮಿಶನರಿ ದಂಪತಿಗಳ ದಿನಗಳು



ದತ್ತಿ ಉಪನ್ಯಾಸಕ್ಕೆ ವಿಷಯ ಯಾವುದೆಂದು ಸಂಘಟಕರು ಕೇಳಿದಾಗ ನಾನು ‘ಮಿಶನರಿಗಳು’ ಎಂದೆ. ‘ಕಿಟೆಲ್ ಬಗ್ಗೆ ಅಲ್ಲವೆ?’ ಎಂದು ಅವರು ಬರೆದುಕೊಳ್ಳತೊಡಗಿದರು. ತಪ್ಪು ಅವರದಲ್ಲ. ಮಿಶನರಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕಿಟೆಲ್ ಮತ್ತು ನಿಘಂಟು, ಮೋಗ್ಲಿಂಗ್ ಮತ್ತು ‘ಮಂಗಳೂರ ಸಮಾಚಾರ’. ಒಬ್ಬ ಗಂಡಸು, ಒಂದು ಪುಸ್ತಕ. 1894ರಲ್ಲಿ ನಿಘಂಟು ಅಚ್ಚಾಯಿತೆಂದು ನಮಗೆಲ್ಲ ಬಾಯಿಪಾಠ. ಕಿಟೆಲರ ಮೊದಲ ಹೆಂಡತಿ ಪೌಲೀನಾ ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ತೀರಿಕೊಂಡಳೆಂಬುದು, ಆಮೇಲೆ ಅವಳ ಸೋದರಿ ಯೂಲಿಯೇ ಆ ಮನೆ ತುಂಬಿದಳೆಂಬುದು ಎಷ್ಟು ಜನರಿಗೆ ಗೊತ್ತು? ನಿಘಂಟಿನ ಮೇಜಿನ ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತಿತ್ತೆಂದು ನಾವು ಕೇಳಿಯೇ ಇಲ್ಲ.

ಆ ಪಕ್ಕದ ಕೋಣೆಯೇ ಇಂದಿನ ನನ್ನ ವಿಷಯ. ಆದರೆ ಮಂಗಳೂರಿನದಲ್ಲ, ಧಾರವಾಡದ್ದಲ್ಲ. ನಾವು ನೀವು ಬದುಕುತ್ತಿರುವ ಈ ಮುಂಬಯಿಯದು. 1813ರಿಂದ 1875ರವರೆಗಿನ ಕಾಲ, ಮುಖ್ಯವಾಗಿ ಎರಡು ಮೂರು ದಂಪತಿಗಳು. ಅವರ ಮನೆ, ಅವರು ಕಲಿತ ನುಡಿ, ಅವರು ಬರೆದ ಕಾಗದ, ಅವರ ಮಕ್ಕಳು, ಈ ಕ್ರಮದಲ್ಲಿ ಮಾತಾಡುತ್ತೇನೆ. ಮತಾಂತರದ ಸರಿ ತಪ್ಪುಗಳ ಚರ್ಚೆಗೆ ಬೇರೆ ವೇದಿಕೆಗಳಿವೆ. ಹಾಗೆಂದು ಅವರು ಯಾತಕ್ಕೆ ಬಂದಿದ್ದರೆಂಬುದನ್ನು ಮರೆತೂ ಮಾತಾಡಲಾರೆ.

ಮೊದಲು ಮನೆ. ಮನೆ ಎಂದರೂ ನನ್ನ ಕಥೆ ಶುರುವಾಗುವುದು ಮನೆಯೇ ಇಲ್ಲದ ಒಂದು ಸಂಸಾರದಿಂದ.

1813ರ ಫೆಬ್ರುವರಿ 11ರಂದು ಮೂವರು ಅಮೆರಿಕನರು ಮುಂಬಯಿ ಬಂದರಿನಲ್ಲಿ ಇಳಿದರು: ಗಾರ್ಡನ್ ಹಾಲ್, ಸಾಮ್ಯುಯಲ್ ನಾಟ್, ನಾಟನ ಹೆಂಡತಿ ರೊಕ್ಸಾನಾ. ಹಿಂದಿನ ವರ್ಷ ಕಲ್ಕತ್ತೆಗೆ ಬಂದಿದ್ದ ಅವರಿಗೆ ಈಸ್ಟ್ ಇಂಡಿಯಾ ಕಂಪನಿ ಜಾಗ ಖಾಲಿ ಮಾಡಲು ಆಜ್ಞೆ ಮಾಡಿತ್ತು. ಕಂಪನಿಗೆ ಆಗ ಪಾದ್ರಿಗಳೆಂದರೆ ಅಂಜಿಕೆ; 1806ರ ವೆಲ್ಲೂರು ದಂಗೆಯ ನೆನಪು ಮಾಸಿರಲಿಲ್ಲ. ಸಾಲದ್ದಕ್ಕೆ 1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ಹತ್ತಿಕೊಂಡು ಇವರು ಶತ್ರು ದೇಶದ ಪ್ರಜೆಗಳೂ ಆಗಿಬಿಟ್ಟರು. ಮುಂಬಯಿಯ ಗವರ್ನರ್ ಇವಾನ್ ನೇಪಿಯನ್ ಮನಸ್ಸಿನಲ್ಲಿ ಇವರ ಪರವಾಗಿದ್ದವನು, ಆದರೆ ಕಲ್ಕತ್ತೆಯ ಆಜ್ಞೆಯನ್ನು ಮೀರುವಂತಿರಲಿಲ್ಲ. ಇಂಗ್ಲೆಂಡಿಗೆ ಹೋಗುವ ಹಡಗು ಹತ್ತಿಸುತ್ತಾರೆಂದು ಖಚಿತವಾದಾಗ ಇಬ್ಬರು ಗಂಡಸರೂ ಗುಟ್ಟಾಗಿ ಕೊಚ್ಚಿಯ ಕಡೆಗೆ ಹಡಗು ಹತ್ತಿದರು. ಅಲ್ಲಿ ಸಿಕ್ಕಿಬಿದ್ದರು, ಮತ್ತೆ ಮುಂಬಯಿಗೇ ಬಂದರು.

ಮಿಶನ್ ಇತಿಹಾಸಗಳು ಈ ಓಟವನ್ನು ಸಾಹಸವೆಂದು ವರ್ಣಿಸುತ್ತವೆ. ರೊಕ್ಸಾನಾ ಎಲ್ಲಿದ್ದಳು? ಎಳೆಗೂಸಿನೊಂದಿಗೆ ಮುಂಬಯಿಯಲ್ಲೇ ಇದ್ದಳು. ಊರಿಗೆ ಬಂದು ವರ್ಷ ತುಂಬಿರಲಿಲ್ಲ. ಗಂಡ ಓಡಿಹೋಗಿದ್ದಾನೆ, ಸರಕಾರ ಹುಡುಕುತ್ತಿದೆ, ಊರಿನ ಭಾಷೆ ಬಾರದು, ಮಡಿಲಲ್ಲಿ ಹಸಿ ಮಗು. ಸಾಹಸವೆಂಬ ಮಾತನ್ನು ನಾನಾದರೆ ಇಲ್ಲಿ ಬಳಸುತ್ತಿದ್ದೆ.

1813ರ ಹೊಸ ಚಾರ್ಟರ್ ಕಾಯಿದೆ ಪಾದ್ರಿಗಳಿಗೆ ಬಾಗಿಲು ತೆರೆಯಿತು. ಹಾಲ್ ಉಳಿದ. ನಾಟನ ಆರೋಗ್ಯ ಕೆಟ್ಟು 1815ರಲ್ಲಿ ಆ ಸಂಸಾರ ಹಿಂದಿರುಗಿತು. ಅವರ ಸಂಗಾತಿ ಸಾಮ್ಯುಯಲ್ ನ್ಯೂವೆಲ್‌ನ ಹೆಂಡತಿ ಹ್ಯಾರಿಯೆಟ್ ಅಷ್ಟು ದೂರವೂ ಬರಲಿಲ್ಲ. ಹಡಗಿನಲ್ಲೇ ಹೆತ್ತ ಮಗುವನ್ನು ಕಳೆದುಕೊಂಡು, 1812ರ ನವೆಂಬರಿನಲ್ಲಿ ಮಾರಿಷಸ್ಸಿನಲ್ಲಿ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು ವರ್ಷ. ನ್ಯೂವೆಲ್ ಒಬ್ಬನೇ ಮುಂಬಯಿ ಸೇರಿದ. 1821ರಲ್ಲಿ ಕಾಲರಾ ಅವನನ್ನು ಒಯ್ದಿತು.

ಈಗ 1813ರಿಂದ ಹದಿನಾರು ವರ್ಷ ಮುಂದಕ್ಕೆ ಬರೋಣ. 1829ರ ಫೆಬ್ರುವರಿಯಲ್ಲಿ ಸ್ಕಾಟ್ಲೆಂಡಿನಿಂದ ಬಂದಿಳಿದವರು ಜಾನ್ ವಿಲ್ಸನ್ ಮತ್ತು ಮಾರ್ಗರೆಟ್ ಬೇನ್. ಜಾನ್ ವಿಲ್ಸನ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಚೌಪಾಟಿಯ ಎದುರು ಕಡಲಿಗೆ ಮುಖಮಾಡಿ ನಿಂತಿರುವ ವಿಲ್ಸನ್ ಕಾಲೇಜು ಅವನ ಹೆಸರಿನದು. ಆ ಕಟ್ಟಡವನ್ನು ಅವನು ನೋಡಲಿಲ್ಲ. ಅವನು ಸತ್ತದ್ದು 1875ರಲ್ಲಿ, ಅದು ಎದ್ದದ್ದು 1889ರಲ್ಲಿ. ಕಾಲೇಜಿನ ಬೇರು ಇರುವುದು 1832ರಲ್ಲಿ ಗಿರ್‌ಗಾಂವ್ ಬದಿಯ ಅಂಬ್ರೋಲಿಯಲ್ಲಿ ಶುರುವಾದ ಒಂದು ಶಾಲೆಯಲ್ಲಿ. ಮಾರ್ಗರೆಟ್ ಗಂಡನಿಗಿಂತ ಒಂಬತ್ತು ವರ್ಷ ದೊಡ್ಡವಳು, ಗ್ರೀನಕ್ಕಿನ ಪಾದ್ರಿಯ ಮಗಳು, ಅಬರ್ಡೀನಿನಲ್ಲಿ ಓದಿದವಳು. ಮುಂಬಯಿಯಲ್ಲಿ ಅವಳು ಬದುಕಿದ್ದು ಆರೇ ವರ್ಷ.

ಅಂದಿನ ಮುಂಬಯಿಯನ್ನು ಕಣ್ಣ ಮುಂದೆ ತಂದುಕೊಳ್ಳಲು ಇರುವುದನ್ನೆಲ್ಲ ಒಂದೊಂದಾಗಿ ತೆಗೆಯುತ್ತ ಹೋಗಬೇಕು. ರೈಲು ತೆಗೆಯಿರಿ, ಅದು 1853ರದು. ನಲ್ಲಿ ತೆಗೆಯಿರಿ, ವಿಹಾರ ಕೆರೆಯ ನೀರು ಕೊಳವೆಯಲ್ಲಿ ಬಂದದ್ದು 1860ರಲ್ಲಿ. ಉಳಿದದ್ದು ಬಾವಿ, ಕೆರೆ, ಹೊತ್ತು ತರುವ ಆಳು. ಧೋಬಿ ತಲಾವ್ ಎಂದು ಈಗ ಹೆಸರು ಮಾತ್ರ ಉಳಿದಿರುವಲ್ಲಿ ಆಗ ನಿಜವಾಗಿಯೂ ಕೆರೆಯಿತ್ತು. ಬಾವಿಯ ನೀರು ಕಾಲರಾದ ದಾರಿಯೂ ಹೌದೆಂದು ಆ ಕಾಲದಲ್ಲಿ ಯಾರಿಗೂ ತಿಳಿಯದು. ಬೊಂಬಾಯಿಯ ಸೆಖೆ ಸಾಲದೆಂಬಂತೆ ಬಿಳಿಯರ ಉಡುಪು ಬೇರೆ. ಅಮೆರಿಕದ ಮಂಜುಗಡ್ಡೆ ಮುಂಬಯಿಗೆ ಮೊದಲು ಬಂದದ್ದು 1834ರಲ್ಲಿ, ಮಾರ್ಗರೆಟ್ ಸಾಯುವ ಹಿಂದಿನ ವರ್ಷ. ಅದೂ ಶ್ರೀಮಂತರ ಔತಣದ ಮೇಜಿಗೆ.

ಇಂಥ ಊರಿನಲ್ಲಿ ಮಿಶನರಿಯ ಮನೆ ಬರೀ ಮನೆಯಾಗಿರಲಿಲ್ಲ. ಒಂದು ಕೋಣೆ ಪಂಡಿತನಿಗೆ, ಜಗುಲಿ ಶಾಲೆಗೆ, ನಡುಮನೆ ಭಾನುವಾರದ ಪ್ರಾರ್ಥನೆಗೆ, ಉಳಿದ ಮೂಲೆ ಹಡಗಿನಿಂದ ಇಳಿದು ಮುಂದಿನ ಊರಿಗೆ ಹೋಗುವ ಅತಿಥಿಗಳಿಗೆ. ನಮ್ಮಲ್ಲಿ ಹಳಬರಿಗೆ ಇದು ಗುರುತು ಸಿಗುವ ಚಿತ್ರ. ಊರಿನಿಂದ ಬಂದ ನೆಂಟ, ನೆಂಟನ ನೆಂಟ, ನೌಕರಿ ಸಿಗುವ ತನಕ ನಮ್ಮ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಚಾಪೆ ಹಾಸುತ್ತಿದ್ದ ದಿನಗಳು ನೆನಪಾಗುತ್ತವೆ. ಒಂದು ವ್ಯತ್ಯಾಸ ಹೇಳಿಬಿಡಬೇಕು: ಅವರ ಮನೆಯಲ್ಲಿ ಅಡಿಗೆಯವನು, ಆಯಾ, ನೀರಿನವನು ಇದ್ದರು. ನಮ್ಮ ಖೋಲಿಯಲ್ಲಿ ಅವೆಲ್ಲವೂ ನನ್ನ ಅಮ್ಮನೇ.

ಎರಡನೆಯದಾಗಿ ನುಡಿಯ ವಿಚಾರ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪರಸ್ಥಳದಲ್ಲಿ ಬದುಕುವವರ ನಿಜವಾದ ದಿನಚರಿ ಇರುವುದೇ ಇಲ್ಲಿ.

ವಿಲ್ಸನ್ ದಂಪತಿ ಮುಂಬಯಿಗೆ ಇಳಿದವರೇ ಕೊಂಕಣದ ಬಾಣಕೋಟ್, ಹರ್ಣೈ ಕಡೆಗೆ ಹೋದರು. ಅಲ್ಲಿ ಸ್ಕಾಟಿಷ್ ಮಿಶನ್ನಿನ ಠಾಣೆಗಳಿದ್ದವು. ಹೋದದ್ದು ಮರಾಠಿ ಕಲಿಯಲು, ಗಂಡ ಹೆಂಡತಿ ಇಬ್ಬರೂ. ವರ್ಷ ಮುಗಿಯುವುದರೊಳಗೆ ಮರಾಠಿಯಲ್ಲಿ ಮಾತಾಡಬಲ್ಲವರಾಗಿ ಮುಂಬಯಿಗೆ ಮರಳಿದರು. ಕೈಯಲ್ಲಿ ಸರಿಯಾದ ದೊಡ್ಡ ನಿಘಂಟಿರಲಿಲ್ಲ. ಮೋಲ್ಸ್‌ವರ್ತನ ಮರಾಠಿ ನಿಘಂಟು ಬಂದದ್ದು 1831ರಲ್ಲಿ. ನಮ್ಮ ರೀವ್ ಅವರ ಕನ್ನಡ ನಿಘಂಟು 1832ರದೆಂಬುದನ್ನು ನೆನೆದರೆ ಎರಡು ನುಡಿಗಳ ಕೆಲಸ ಹೇಗೆ ಜೊತೆಜೊತೆಗೆ ಸಾಗಿತ್ತೆಂದು ತಿಳಿಯುತ್ತದೆ.

ಪಂಡಿತ ಗಂಡಸು. ಮರಾಠಿಯಲ್ಲಿ ಗಂಡಸು ತನ್ನ ಬಗ್ಗೆ ‘ಮೀ ಜಾತೊ’ ಎನ್ನುತ್ತಾನೆ, ಹೆಂಗಸು ‘ಮೀ ಜಾತೆ’ ಎನ್ನಬೇಕು. ಪಂಡಿತ ಹೇಳಿದ್ದನ್ನು ಜಾನ್ ಹಾಗೆಯೇ ಒಪ್ಪಿಸಿದರೆ ಸರಿ. ಮಾರ್ಗರೆಟ್ ಹಾಗೆಯೇ ಒಪ್ಪಿಸಿದರೆ ತಪ್ಪು. ಗುರುವಿನ ಪ್ರತಿ ವಾಕ್ಯವನ್ನೂ ಅವಳು ಮನಸ್ಸಿನಲ್ಲಿ ತಿರುಗಿಸಿ ಬಾಯಿಗೆ ತರಬೇಕು. ಗುರುವಿನ ಬಾಯಲ್ಲಿ ಸಹಜವಾಗಿ ಬಾರದ ರೂಪ ಅವಳಿಗೆ ಸಿಗುವುದು ಹೆಂಗಸರ ನಡುವೆ: ಆಯಾಳ ಹತ್ತಿರ, ಬಾಗಿಲಿಗೆ ಬರುವವಳ ಹತ್ತಿರ, ಆಮೇಲೆ ತನ್ನ ಶಾಲೆಯ ಹುಡುಗಿಯರ ಹತ್ತಿರ.

ಇದನ್ನು ನಾನು ಪುಸ್ತಕದಿಂದ ಹೆಕ್ಕಿದ್ದಲ್ಲ. ನನ್ನ ಅಮ್ಮ ದಕ್ಷಿಣ ಕನ್ನಡದಿಂದ ಬಂದು ಮೊದಲ ಆರು ತಿಂಗಳು ಭಾಜಿವಾಲಿಯ ಮುಂದೆ ‘ಮೀ ಘೇತೊ, ಮೀ ಘೇತೊ’ ಎನ್ನುತ್ತಿದ್ದಳು. ಚಾಳಿನ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು ಗಂಡಸರಿಂದ ಮರಾಠಿ ಕಲಿತವನು. ಅಮ್ಮ ಅಪ್ಪನಿಂದ ಕಲಿತವಳು. ಕನ್ನಡದಲ್ಲಿ ‘ನಾನು ತೆಗೆದುಕೊಳ್ಳುತ್ತೇನೆ’ ಎಂಬ ಮಾತಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. (ಕೊಲ್ಲಾಪುರದ ಕಡೆ ಹೆಂಗಸರೂ ‘ಜಾತೊ’ ಎನ್ನುತ್ತಾರೆ, ಅದು ಕನ್ನಡದ ನೆರೆಯ ಪ್ರಭಾವವೆಂದು ಹೇಳುವವರಿದ್ದಾರೆ. ಅಮ್ಮನಿಗೆ ಈ ವಾದ ಆಗಲೇ ಗೊತ್ತಿದ್ದರೆ ಬಹಳ ಉಪಕಾರವಾಗುತ್ತಿತ್ತು.)

ಜಾನ್ ವಿಲ್ಸನ್ ಸಂಸ್ಕೃತ, ಗುಜರಾತಿ, ಪಾರಸಿಗಳಿಗೂ ಕೈಹಾಕಿದ. 1831ರಲ್ಲಿ ಮೋರಭಟ್ಟ ದಾಂಡೇಕರರೊಂದಿಗೆ ಬಹಿರಂಗವಾಗಿ ವಾದಕ್ಕೆ ನಿಂತ. ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಗೆ ಅಧ್ಯಕ್ಷನಾದ. ಮುಂದೆ ಮುಂಬಯಿ ವಿಶ್ವವಿದ್ಯಾಲಯಕ್ಕೆ ಕುಲಪತಿಯೂ ಆದ. ಅವನ ನುಡಿ ವಾದಿಸುವ ನುಡಿ. ಮಾರ್ಗರೆಟ್ಟಳದು ಹುಡುಗಿಯರನ್ನು ಕರೆದು ಕೂರಿಸುವ ನುಡಿ. ನೀವು ನಂಬುವುದು ಅಬದ್ಧ ಎಂದು ಪಂಡಿತನ ಮುಂದೆ ಹೇಳಲು ವ್ಯಾಕರಣ ಸಾಕು. ನಿಮ್ಮ ಮಗಳನ್ನು ನನ್ನ ಜಗುಲಿಗೆ ಕಳಿಸಿ ಎಂದು ಒಬ್ಬ ತಾಯಿಗೆ ಹೇಳಲು ಅಷ್ಟು ಸಾಲದು.

ಮುಂಬಯಿಯಲ್ಲಿ ಅಮೆರಿಕನರು 1824ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದಿದ್ದರು. ಅದಕ್ಕೆಂದೇ 1827ರಲ್ಲಿ ಸಿಂಥಿಯಾ ಫರಾರ್ ಎಂಬ ಅವಿವಾಹಿತೆ ಬಂದಳು. ಮುಂದೆ ಅಹಮದ್‌ನಗರದಲ್ಲಿ ಸಾವಿತ್ರಿಬಾಯಿ ಫುಲೆಯವರಿಗೆ ತರಬೇತಿ ಸಿಕ್ಕಿದ್ದು ಇವಳ ಶಾಲೆಯಲ್ಲಿ. ಮಾರ್ಗರೆಟ್ ಮುಂಬಯಿಗೆ ಮರಳಿದ ತಿಂಗಳುಗಳಲ್ಲೇ ಒಂದರ ಹಿಂದೆ ಒಂದು ಹುಡುಗಿಯರ ಶಾಲೆ ತೆರೆಯುತ್ತ ಹೋದಳು. ಗಾಮ್‌ದೇವಿಯ ಸೇಂಟ್ ಕೊಲಂಬಾ ಶಾಲೆ ತನ್ನ ಹುಟ್ಟನ್ನು 1832ಕ್ಕೆ, ಮಾರ್ಗರೆಟ್ಟಳಿಗೆ ಜೋಡಿಸಿ ಹೇಳುತ್ತದೆ. ಅಂದರೆ ಕಾಲೇಜು ಮತ್ತು ಕನ್ಯಾಶಾಲೆ, ಎರಡೂ ಒಂದೇ ವರ್ಷದಲ್ಲಿ ಒಂದೇ ಮನೆಯಿಂದ ಹೊರಟವು. ಒಂದು ಬಸ್ ನಿಲ್ದಾಣದ ಹೆಸರಾಯಿತು. ಇನ್ನೊಂದನ್ನು ದಾರಿ ಕೇಳಿಯೇ ಹೋಗಬೇಕು.

ಇಲ್ಲಿ ಒಂದು ಮಾತು ನೇರವಾಗಿ ಹೇಳುತ್ತೇನೆ. ಈ ಜನ ನಮ್ಮವರನ್ನು ಸಮಾನರೆಂದು ನೋಡಿರಲಿಲ್ಲ. ಕತ್ತಲಲ್ಲಿರುವವರು, ಉದ್ಧಾರ ಮಾಡಬೇಕಾದವರು ಎಂಬುದೇ ಅವರ ಬರಹದ ಧಾಟಿ. 1839ರಲ್ಲಿ ಇಬ್ಬರು ಪಾರ್ಸಿ ಹುಡುಗರಿಗೆ ವಿಲ್ಸನ್ ದೀಕ್ಷೆ ಕೊಟ್ಟಾಗ ಊರೇ ಸಿಡಿದೆದ್ದಿತು, ಪ್ರಕರಣ ಕೋರ್ಟು ಹತ್ತಿತು, ಶಾಲೆಯ ಬೆಂಚುಗಳು ಖಾಲಿಯಾದವು. ಆ ತಾಯಿತಂದೆಯರ ಸಂಕಟ ಸುಳ್ಳಲ್ಲ. ಜಗುಲಿಯಲ್ಲಿ ಅಕ್ಷರ ಕಲಿತ ಹುಡುಗಿಯೂ ಸುಳ್ಳಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರುವುದಿಲ್ಲ.

ಮೂರನೆಯ ಅಂಶಕ್ಕೆ ಬರುತ್ತೇನೆ: ಕಾಗದ.

ಅಂದಿನ ಮನೆಯ ಕಾಗದ ನೋಡಿದವರಿಗೆ ಗೊತ್ತಿರುತ್ತದೆ. ಹಾಳೆಯ ತುಂಬ ಅಡ್ಡಸಾಲುಗಳಲ್ಲಿ ಬರೆದು ಮುಗಿಸುತ್ತಾರೆ. ಹೇಳಬೇಕಾದದ್ದು ಇನ್ನೂ ಇದೆ, ಅಂಚೆ ದುಬಾರಿ. ಹಾಳೆಯನ್ನು ಕಾಲುಸುತ್ತು ತಿರುಗಿಸಿ ಅದೇ ಸಾಲುಗಳ ಮೇಲೆ ಉದ್ದಕ್ಕೆ ಮತ್ತೆ ಬರೆಯುತ್ತಾರೆ. ಮೊದಲ ನೋಟಕ್ಕೆ ಅದು ಚಾಪೆಯ ಹೆಣಿಗೆಯಂತೆ ಕಾಣುತ್ತದೆ. ಕಣ್ಣು ಒಂದು ದಿಕ್ಕಿಗೆ ಹೊಂದಿಕೊಂಡಾಗ ಒಂದು ಕಾಗದ, ಇನ್ನೊಂದು ದಿಕ್ಕಿಗೆ ಹೊಂದಿದಾಗ ಇನ್ನೊಂದು.

ಆ ಹೆಣಿಗೆ ಆಫ್ರಿಕದ ತುದಿಯನ್ನು ಸುತ್ತಿ ಸ್ಕಾಟ್ಲೆಂಡ್ ಮುಟ್ಟಲು ನಾಲ್ಕು ಐದು ತಿಂಗಳು. ಮಗುವಿಗೆ ಜ್ವರ ಎಂದು ತಂಗಿಗೆ ಬರೆದರೆ, ಈಗ ಹೇಗಿದೆ ಎಂಬ ಪ್ರಶ್ನೆ ವಾಪಸು ಬರುವಾಗ ವರ್ಷ ತಿರುಗುತ್ತ ಬಂದಿರುತ್ತದೆ. 1830ರ ಮಾರ್ಚ್ 20ರಂದು ಮುಂಬಯಿಯಲ್ಲೇ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ ಹೊಗೆಹಡಗು ಸುಯೆಜ್ ಕಡೆಗೆ ಹೊರಟು ತಿಂಗಳೊಂದರಲ್ಲಿ ತಲುಪಿತು. ಅಂಚೆಗೆ ಇದೊಂದು ಹೊಸ ದಾರಿ. ಆದರೆ ಅದು ನಂಬಿಕೊಂಡು ಕೂರುವಂಥ ಕ್ರಮವಾದ ಸೇವೆಯಾಗಲು ಬಹಳ ವರ್ಷ ಬೇಕಾಯಿತು. ಊರಿನಿಂದ ಅಂತರ್ದೇಶಿ ಪತ್ರಕ್ಕೆ ಎಂಟು ದಿನವಾದರೆ ಚಡಪಡಿಸುತ್ತಿದ್ದ ನಮ್ಮ ತಲೆಮಾರಿಗೂ ಆ ಕಾಯುವಿಕೆ ಕಲ್ಪನೆಗೆ ಮೀರಿದ್ದು.

ಅಚ್ಚಿನ ವಿಚಾರ ಒಂದೇ ಮಾತಿನಲ್ಲಿ. ಅಮೆರಿಕನ್ ಮಿಶನ್ನಿನ ಮುದ್ರಣಾಲಯ 1817ರ ಹೊತ್ತಿಗೇ ಮರಾಠಿ ಹೊತ್ತಗೆ ಅಚ್ಚುಹಾಕುತ್ತಿತ್ತು. ನಿರ್ಣಯಸಾಗರ ಪ್ರೆಸ್ಸಿನ ಜಾವಜಿ ದಾದಾಜಿ ಕಸಬು ಕಲಿತದ್ದು ಅಲ್ಲಿ. 1841ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿಗೆ ಕಲ್ಲಚ್ಚಿನ ಯಂತ್ರ ಹೋದದ್ದೂ ಮುಂಬಯಿಯಿಂದ. ಎರಡು ವರ್ಷದ ಮೇಲೆ ‘ಮಂಗಳೂರ ಸಮಾಚಾರ’ ಹೊರಟಿತು. ಕನ್ನಡ ಪತ್ರಿಕೋದ್ಯಮದ ಹುಟ್ಟುಹಬ್ಬ ಆಚರಿಸುವಾಗ ಮುಂಬಯಿಯವರಾದ ನಾವು ಸ್ವಲ್ಪ ಮೀಸೆ ತಿರುವಬಹುದು.

ಇನ್ನು ಮಕ್ಕಳು. ಇಲ್ಲಿ ನನ್ನ ಓದು ತಡವರಿಸುತ್ತದೆ.

ಆ ಮನೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಎರಡೇ ದಾರಿ: ಇಲ್ಲಿ ಬೇಗನೆ ಸಾಯುವುದು, ಇಲ್ಲವೆ ತಾಯಿತಂದೆಯರನ್ನು ಬಿಟ್ಟು ಹಡಗು ಹತ್ತುವುದು. ಸ್ವಲ್ಪ ಉತ್ಪ್ರೇಕ್ಷೆಯಿದೆ, ಹೆಚ್ಚಿಲ್ಲ. ಗಾರ್ಡನ್ ಹಾಲ್ 1816ರಲ್ಲಿ ಮುಂಬಯಿಯಲ್ಲೇ ಮಾರ್ಗರೆಟ್ ಲೂಯಿಸ್ ಎಂಬ ಇಂಗ್ಲಿಷ್ ಹೆಣ್ಣನ್ನು ಮದುವೆಯಾಗಿದ್ದ. ಮಕ್ಕಳ ಆರೋಗ್ಯ ಕೆಡುತ್ತ ಬಂದದ್ದರಿಂದ 1825ರಲ್ಲಿ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಅಮೆರಿಕದ ಹಡಗು ಹತ್ತಿಸಿದ. ತಾನು ಹೋಗಲಿಲ್ಲ, ಕೆಲಸಕ್ಕೆ ಜನ ಸಾಲದು. ಒಬ್ಬ ಮಗ ದಾರಿಯಲ್ಲೇ ಸತ್ತ. ಮರುವರ್ಷ ಹಾಲ್ ನಾಸಿಕದ ಕಡೆ ತಿರುಗಾಟಕ್ಕೆ ಹೋದ. ಅಲ್ಲಿ ಕಾಲರಾ ಹರಡಿತ್ತು. ಜೊತೆಗೆ ಒಯ್ದಿದ್ದ ಔಷಧಿಯನ್ನು ರೋಗಿಗಳಿಗೆ ಹಂಚುತ್ತ ಹೋಗಿ, ತನಗೇ ಹತ್ತಿದಾಗ ಉಳಿದದ್ದು ಅತ್ಯಲ್ಪ. 1826ರ ಮಾರ್ಚ್ 20ರಂದು ತೀರಿಕೊಂಡ. ಅತ್ತ ಅಮೆರಿಕದಲ್ಲಿ ಹೆಂಡತಿಗೆ ಮಗನ ಸಾವು ಗೊತ್ತು, ಗಂಡನದು ಗೊತ್ತಿಲ್ಲದ ತಿಂಗಳುಗಳು ಕಳೆದಿರಬೇಕು. ಕಾಗದಕ್ಕೆ ಹಿಡಿಯುತ್ತಿದ್ದ ಕಾಲವನ್ನು ಈಗ ತಾನೆ ಹೇಳಿದೆ.

ರಾಬರ್ಟ್ ಹ್ಯೂಮ್ ಮತ್ತು ಹ್ಯಾನಾ ದಂಪತಿ 1839ರಿಂದ ಇಲ್ಲಿದ್ದರು. ಆರೋಗ್ಯ ಕೆಟ್ಟು ಊರಿಗೆ ಹೊರಟ ಹ್ಯೂಮ್ 1854ರಲ್ಲಿ ಕಡಲಲ್ಲೇ ತೀರಿಹೋದ. ವಿಧವೆ ಮಕ್ಕಳನ್ನು ಕಟ್ಟಿಕೊಂಡು ಅಮೆರಿಕ ಸೇರಿದಳು. ಬೆಳೆದ ಮೇಲೆ ಇಬ್ಬರು ಗಂಡುಮಕ್ಕಳೂ ಈ ನೆಲಕ್ಕೇ ಮರಳಿದರು. ಭಾಯಖಳಾದ ಹ್ಯೂಮ್ ಹೈಸ್ಕೂಲು ಎಡ್ವರ್ಡ್ ಹ್ಯೂಮ್ ಮತ್ತು ಶಾರ್ಲೆಟ್ ದಂಪತಿಯದು. ಹುಟ್ಟಿದ ಊರೇ ಸ್ವಂತ ಊರಾಗಿಬಿಟ್ಟಿತ್ತೇನೊ.

ನಮ್ಮ ಕರಾವಳಿಯ ಕಡೆಗೂ ಒಮ್ಮೆ ನೋಡೋಣ. ಮಂಗಳೂರು, ತಲಶ್ಶೇರಿಗಳಲ್ಲಿ ಕೆಲಸ ಮಾಡಿದ ಹೆರ್ಮನ್ ಗುಂಡರ್ಟ್ ಮತ್ತು ಯೂಲಿ ದುಬೋಯ್ ಅವರ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳವೆಯಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಾಯಿತಂದೆ ಮರಳಿದರು. ಮತ್ತೆ ಅವರ ಮುಖ ನೋಡುವಾಗ ಅವಳಿಗೆ ಹದಿನೈದು. ಆಮೇಲೆ ಅವಳು ಕೈಹಿಡಿದ ಮೊದಲ ಗಂಡ ಚಾರ್ಲ್ಸ್ ಇಸೆನ್‌ಬರ್ಗ್. ಅವನ ತಂದೆ ಕಾರ್ಲ್ ಇಸೆನ್‌ಬರ್ಗ್ ಮುಂಬಯಿಯಲ್ಲಿ ಪಾದ್ರಿ. ಆ ಗಂಡ ಬೇಗ ಸತ್ತ. ಎರಡನೆಯ ಮದುವೆಯಲ್ಲಿ ಹುಟ್ಟಿದವನು ಹೆರ್ಮನ್ ಹೆಸ್ಸೆ. ಸಿದ್ಧಾರ್ಥನ ಕಥೆ ಬರೆದವನ ತಾಯಿ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ತಾಯಿತಂದೆಯರಿಂದ ದೂರವಾಗಿ ಬೆಳೆದ ಹುಡುಗಿ ಎಂದರೆ ಯಾರಿಗೂ ಗುರುತಿಲ್ಲ.

ಮಾರ್ಗರೆಟ್ ವಿಲ್ಸನ್ನಳಿಗೆ ಶಿಶುಸಾವಿನ ನೋವೂ ಇತ್ತು. ಬದುಕಿ ಉಳಿದ ಆಂಡ್ರ್ಯೂ 1831ರಲ್ಲಿ ಮುಂಬಯಿಯಲ್ಲಿ ಹುಟ್ಟಿದವನು. 1835ರ ಏಪ್ರಿಲ್ 19ರಂದು ಅವಳು ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ದೊಡ್ಡವನಾಗಿ ಅವನು ಪಾದ್ರಿಯಾಗಲಿಲ್ಲ, ಪತ್ರಕರ್ತನಾದ, ಮುಂಬಯಿಗೇ ಬಂದು ಪತ್ರಿಕೆ ನಡೆಸಿದ, ಹಿಮಾಲಯ ಸುತ್ತಿ ಪ್ರವಾಸಕಥನ ಬರೆದ. ಇತ್ತ ಅವಳ ಇಬ್ಬರು ಸೋದರಿಯರು ಆನಾ ಮತ್ತು ಹೇ ಬೇನ್ ಕೆಲವೇ ವರ್ಷದಲ್ಲಿ ಮುಂಬಯಿಗೆ ಬಂದು ಅಕ್ಕನ ಶಾಲೆಗಳಲ್ಲಿ ನಿಂತರು. ಹೇ ಇಲ್ಲಿಯ ಪಾದ್ರಿ ರಾಬರ್ಟ್ ನೆಸ್ಬಿಟ್ಟನನ್ನು ಮದುವೆಯಾದಳು. ಕಿಟೆಲ್ಲರ ಮನೆಯ ಕಥೆಯನ್ನು ಮತ್ತೆ ನೆನೆಯಿರಿ: ಒಬ್ಬಳು ಹೋದ ಜಾಗವನ್ನು ತುಂಬಲು ಒಡಹುಟ್ಟಿದವಳು ಕಡಲು ದಾಟಿ ಬರುತ್ತಾಳೆ.

ಕೊನೆಯದಾಗಿ, ಇಷ್ಟೆಲ್ಲ ನಮಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ.

ಮಾರ್ಗರೆಟ್ಟಳ ಕಾಗದ, ದಿನಚರಿಗಳನ್ನು ಆಯ್ದು 1838ರಲ್ಲಿ ಪುಸ್ತಕ ಮಾಡಿದವನು ಅವಳ ಗಂಡ. ಪ್ರೀತಿಯಿಂದಲೇ ಮಾಡಿದ. ಆದರೆ ಆ ಪುಸ್ತಕಕ್ಕೆ ಒಂದು ಕೆಲಸವಿತ್ತು: ಸ್ಕಾಟ್ಲೆಂಡಿನ ಭಕ್ತರು ಅದನ್ನೋದಿ ಮಿಶನ್ನಿಗೆ ಹಣ ಕೊಡಬೇಕು, ಇನ್ನಷ್ಟು ಹೆಣ್ಣುಮಕ್ಕಳು ಹಡಗು ಹತ್ತಬೇಕು. ಪ್ರಾರ್ಥನೆ ಉಳಿಯಿತು, ಶರಣಾಗತಿ ಉಳಿಯಿತು. ಅಡಿಗೆಯವನೊಂದಿಗಿನ ಜಗಳ, ಗಂಡನ ಮೇಲಿನ ಸಿಟ್ಟು, ಇವತ್ತು ಯಾರೂ ಮನೆಗೆ ಬಾರದಿದ್ದರೆ ಸಾಕಪ್ಪಾ ಎಂಬ ದಣಿವು ಇದ್ದಿದ್ದರೂ ಅಂಥ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಮಾರಿ ಹೆಸ್ಸೆಯ ಕಾಗದಗಳನ್ನು 1934ರಲ್ಲಿ ಹೊರತಂದವಳು ಅವಳ ಮಗಳು ಆಡೆಲೆ. ಅಲ್ಲಿ ಸ್ವಲ್ಪ ಗಾಳಿಯಾಡುತ್ತದೆ.

ಕಾಕತಾಳೀಯವೆನ್ನಿ, ಅದೇ 1934ರಲ್ಲಿ ಮರಾಠಿಯಲ್ಲಿ ಇನ್ನೊಂದು ಪುಸ್ತಕದ ಮೊದಲ ಭಾಗ ಬಂತು. ಲಕ್ಷ್ಮೀಬಾಯಿ ಟಿಳಕರ ಆತ್ಮಕಥೆ ‘ಸ್ಮೃತಿಚಿತ್ರೆ’. ಅವರ ಗಂಡ, ಕವಿ ನಾರಾಯಣ ವಾಮನ ಟಿಳಕ 1895ರ ಫೆಬ್ರುವರಿ 10ರಂದು ಮುಂಬಯಿಯಲ್ಲಿ ಕ್ರೈಸ್ತನಾದ. ಹೆಂಡತಿ ಅವನೊಂದಿಗೆ ಹೋಗಲಿಲ್ಲ. ಐದು ವರ್ಷ ಅಗಲಿಕೆ. ಇಲ್ಲಿ ಯಾರೂ ಕಡಲು ದಾಟಲಿಲ್ಲ. ಪರದೇಶ ಗಂಡನ ರೂಪದಲ್ಲಿ ಮನೆಬಾಗಿಲಿಗೇ ಬಂದಿತ್ತು.

ಲಕ್ಷ್ಮೀಬಾಯಿಯ ತಂದೆ ಮಡಿಯ ಹುಚ್ಚಿಗೆ ಉಪ್ಪನ್ನೂ ತೊಳೆಸುತ್ತಿದ್ದ ಮನುಷ್ಯ. ಅಂಥ ಮನೆಯ ಮಗಳು ಗಂಡನ ಬಳಿಗೆ ಮರಳಿದಾಗ ಒಂದೇ ಸೂರಿನಡಿ ಎರಡು ಒಲೆ, ಎರಡು ನೀರು. ಅವನದು ಮುಟ್ಟಿದ ನೀರು, ಇವಳದು ಮಡಿಯ ನೀರು. ಊರ ಮಿಶನರಿಗಳು ಬಂದು ಹೋಗುತ್ತಾರೆ, ಟಿಳಕ ಕವಿತೆ ಕಟ್ಟುತ್ತಾನೆ, ಕೈಗೆ ಬಂದ ಹಣ ಯಾರಿಗೊ ಕೊಟ್ಟುಬಿಡುತ್ತಾನೆ, ಸಿಟ್ಟಾಗುತ್ತಾನೆ, ಆಮೇಲೆ ರಮಿಸುತ್ತಾನೆ. ಅವಳು ಎಲ್ಲವನ್ನೂ ಬರೆಯುತ್ತಾಳೆ, ತನ್ನ ಪೆದ್ದುತನವನ್ನೂ ಬಿಡದೆ, ನಗುತ್ತ. ಎರಡು ನೀರು ಒಂದಾದದ್ದು ಪ್ರವಚನ ಕೇಳಿ ಅಲ್ಲ. ದಿನ ದಿನದ ಒಗೆತನದಲ್ಲಿ, ಅವಳ ಮನಸ್ಸಿನೊಳಗೇ. ದೀಕ್ಷೆಯಾದದ್ದು ಆಮೇಲೆ, 1900ರಲ್ಲಿ.

ಅಂಬ್ರೋಲಿಯ ಮನೆಯಲ್ಲಿ ಎಷ್ಟು ಕೊಡ ನೀರಿತ್ತು, ಯಾರು ತುಂಬುತ್ತಿದ್ದರು, ಮಾರ್ಗರೆಟ್ಟಳ ಜಗುಲಿಗೆ ಬಂದ ಹುಡುಗಿ ಬಾಯಾರಿದರೆ ಅಲ್ಲಿ ನೀರು ಕುಡಿಯುತ್ತಿದ್ದಳೇ, ಮನೆಗೆ ಓಡುತ್ತಿದ್ದಳೇ? 1838ರ ಪುಸ್ತಕವನ್ನು ನಾನು ತೆರೆದಾಗಲೆಲ್ಲ ಹುಡುಕುವುದು ಆ ಹುಡುಗಿಯನ್ನು.